ದಿಬ್ಬದೊಳಗಿನ ದನಿ: ನೂಲಾ ನೀ ಗೋನಿಲ್ ಅವರ ಐರಿಷ್ ಕಾವ್ಯ



ಐರ್ಲೆಂಡಿನ ಸಾಹಿತ್ಯ ಎಂದೊಡನೆ ನಮ್ಮ ನೆನಪಿಗೆ ಬರುವವರು ಯೇಟ್ಸ್, ಸಿಂಜ್, ಜಾಯ್ಸ್, ಬೆಕೆಟ್. ಈಚಿನವರಲ್ಲಿ ಶೇಮಸ್ ಹೀನಿ. ಬೆಕೆಟ್ ಫ್ರೆಂಚಿನಲ್ಲೂ ಬರೆದದ್ದನ್ನು ಬಿಟ್ಟರೆ ಇವರೆಲ್ಲರ ಬರಹದ ಭಾಷೆ ಇಂಗ್ಲಿಷ್. ನಮ್ಮ ಕಾಲೇಜುಗಳ ಇಂಗ್ಲಿಷ್ ಪಠ್ಯದ ದಾರಿಯಲ್ಲಿ ನಮಗೆ ದಕ್ಕಿದ ಐರ್ಲೆಂಡ್ ಇಷ್ಟು. ಇದರ ಹಿಂದೆ ಐರಿಷ್ ಭಾಷೆಯದೇ ಆದ ಇನ್ನೊಂದು ಸಾಹಿತ್ಯವಿದೆ. ಅದರ ಬರಹದ ಚರಿತ್ರೆ ಸಾವಿರದ ಮುನ್ನೂರು ವರ್ಷಗಳನ್ನು ಮೀರಿದ್ದು. ಆ ಭಾಷೆಯ ಸಮಕಾಲೀನ ಕವಿಗಳ ಪೈಕಿ ಹೊರನಾಡುಗಳಲ್ಲಿ ಅತಿ ಹೆಚ್ಚು ಹೆಸರು ಪಡೆದವರು 1952ರಲ್ಲಿ ಹುಟ್ಟಿದ ನೂಲಾ ನೀ ಗೋನಿಲ್. ಅವರನ್ನು ಕುರಿತು ಮತ್ತೆ ಮತ್ತೆ ಹೇಳಲಾಗುವ ಕಥೆಯೊಂದಿದೆ: ಸಾಯುತ್ತಿರುವ ಭಾಷೆಯನ್ನು ಬದುಕಿಸಲೆಂದು ಪ್ರತಿಭಾವಂತ ಹೆಣ್ಣುಮಗಳೊಬ್ಬಳು ಇಂಗ್ಲಿಷಿನ ಕೀರ್ತಿಯನ್ನು ತೊರೆದಳು ಎಂಬುದು. ಕೇಳಲು ಹಿತವಾದ ಈ ತ್ಯಾಗದ ಕಥೆ ಅವರ ಕವಿತೆಗಳಿಗೆ ಹೊಂದುವುದಿಲ್ಲ. ನೂಲಾ ಅವರು ಭಾಷೆಗೆ ಕೊಟ್ಟದ್ದಕ್ಕಿಂತ ಅದರಿಂದ ಪಡೆದದ್ದೇ ಹೆಚ್ಚು. ಹಾಗೆ ಪಡೆದದ್ದು ಶಾಲೆಯೂ ಸರ್ಕಾರವೂ ಗೌರವದಿಂದ ಮೂಲೆಗಿರಿಸಿದ್ದ ಸೊತ್ತನ್ನು, ಅಂದರೆ ಬಡ ರೈತರೂ ಮೀನುಗಾರರೂ ಒಲೆಯ ಮುಂದೆ ಹೇಳಿಕೊಳ್ಳುತ್ತಿದ್ದ ಅನ್ಯಲೋಕದ ಕಥೆಗಳನ್ನು. ಆಧುನಿಕ ಮನುಷ್ಯನ, ಮುಖ್ಯವಾಗಿ ಆಧುನಿಕ ಹೆಣ್ಣಿನ, ಒಳಗಿನ ಸಂಕಟವನ್ನು ಹೇಳಲು ಬೇಕಾದ ಸಿದ್ಧ ಸಲಕರಣೆ ಅವರಿಗೆ ಅಲ್ಲಿ ಸಿಕ್ಕಿತು. ಈ ಮಾತನ್ನು ಆಧಾರಸಹಿತ ಮುಂದಿಟ್ಟು, ಇದರ ವಿರುದ್ಧ ಏಳಬಹುದಾದ ಆಕ್ಷೇಪಗಳನ್ನೂ ಎದುರಿಸುವುದು ಈ ಉಪನ್ಯಾಸದ ಉದ್ದೇಶ.

ಮೊದಲು ಭಾಷೆಯ ಸ್ಥಿತಿಗತಿ. ಹದಿನೇಳನೆಯ ಶತಮಾನದಲ್ಲಿ ಐರ್ಲೆಂಡಿನ ಸ್ಥಳೀಯ ಪಾಳೆಯಗಾರರು ಇಂಗ್ಲಿಷರ ಕೈಯಲ್ಲಿ ಸೋತು ಚದುರಿಹೋದಾಗ, ಅವರ ಆಶ್ರಯದಲ್ಲಿದ್ದ ಆಸ್ಥಾನ ಕವಿಗಳ ಗುರುಕುಲಗಳೂ ಮುಚ್ಚಿದವು. ಭಾಷೆ ಅರಮನೆಯನ್ನು ಬಿಟ್ಟು ಗುಡಿಸಲಿಗೆ ಬಂತು. 1831ರಲ್ಲಿ ಆರಂಭವಾದ ರಾಷ್ಟ್ರೀಯ ಶಾಲೆಗಳು ಇಂಗ್ಲಿಷಿನಲ್ಲಿ ಕಲಿಸಿದವು. 1845ರಿಂದ ಆಲೂಗಡ್ಡೆ ಬೆಳೆ ನಾಶವಾಗಿ ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಹೆಚ್ಚು ಪೆಟ್ಟು ಬಿದ್ದದ್ದು ಪಶ್ಚಿಮದ ಐರಿಷ್ ಭಾಷಿಕ ಬಡವರಿಗೆ. 1851ರ ಜನಗಣತಿಯ ಹೊತ್ತಿಗೆ ಐರಿಷ್ ಬಲ್ಲವರು ಜನಸಂಖ್ಯೆಯ ಕಾಲುಭಾಗಕ್ಕಿಂತ ಕಡಿಮೆ. ಇದರ ಹೊಣೆಯನ್ನು ಪೂರ್ತಿಯಾಗಿ ಆಳುವವರ ತಲೆಗೆ ಕಟ್ಟುವಂತಿಲ್ಲ. ಅಮೆರಿಕಕ್ಕೆ ಹೋಗಬೇಕಾದ ಮಕ್ಕಳಿಗೆ ಇಂಗ್ಲಿಷೇ ಅನ್ನ ಎಂದು ತಂದೆತಾಯಿಗಳೇ ತೀರ್ಮಾನಿಸಿದರು. ಮಗು ಐರಿಷ್ ಆಡಿದಾಗಲೆಲ್ಲ ಅದರ ಕೊರಳಿಗೆ ಕಟ್ಟಿದ ಕೋಲಿಗೊಂದು ಕಚ್ಚು ಹಾಕಿ, ಕಚ್ಚುಗಳನ್ನೆಣಿಸಿ ಹೊಡೆಯುವ ಪದ್ಧತಿಗೆ ಮನೆಯವರೂ ಸಹಕರಿಸುತ್ತಿದ್ದರು. 1893ರಲ್ಲಿ ಹುಟ್ಟಿದ ಗೇಲಿಕ್ ಲೀಗ್ ಭಾಷೆಯ ಪುನರುಜ್ಜೀವನಕ್ಕೆ ಕೈಹಾಕಿತು. 1937ರ ಸಂವಿಧಾನ ಐರಿಷನ್ನು ದೇಶದ ಮೊದಲ ಅಧಿಕೃತ ಭಾಷೆ ಎಂದು ಸಾರಿತು. 1973ರ ತನಕ ಐರಿಷಿನಲ್ಲಿ ಪಾಸಾಗದ ವಿದ್ಯಾರ್ಥಿ ಶಾಲಾಂತ್ಯ ಪರೀಕ್ಷೆಯನ್ನೇ ಪಾಸಾದಂತಾಗುತ್ತಿರಲಿಲ್ಲ. ಇಷ್ಟೆಲ್ಲದರ ಫಲ 2022ರ ಜನಗಣತಿಯಲ್ಲಿ ಕಾಣುತ್ತದೆ: ತಮಗೆ ಐರಿಷ್ ಬರುತ್ತದೆ ಎಂದವರು 18 ಲಕ್ಷ 70 ಸಾವಿರಕ್ಕೂ ಹೆಚ್ಚು, ಶಾಲೆಯ ಹೊರಗೆ ದಿನವೂ ಅದನ್ನು ಆಡುವವರು ಸುಮಾರು 72 ಸಾವಿರ. ಗೌರವ ಪಡೆದೂ ಬಳಕೆ ತಪ್ಪಿದ ಭಾಷೆಯ ಚಿತ್ರ ಇದು. ನೂಲಾ ಅವರ ಕಾವ್ಯವನ್ನು ಈ ಎರಡು ಅಂಕಿಗಳ ನಡುವಿನ ಕಂದರದಲ್ಲಿಟ್ಟೇ ಓದಬೇಕು.

ಅವರ ಬಾಳಿನ ವಿವರಗಳಲ್ಲಿ ಕಾವ್ಯಕ್ಕೆ ಸಂಬಂಧಪಟ್ಟವು ಕೆಲವೇ. ಹುಟ್ಟಿದ್ದು ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ, ಐರಿಷ್ ವೈದ್ಯ ದಂಪತಿಯ ಮಗಳಾಗಿ. ಐದನೆಯ ವಯಸ್ಸಿನಲ್ಲಿ ಅವರನ್ನು ಕೆರಿ ಜಿಲ್ಲೆಯ ಡಿಂಗಲ್ ಪರ್ಯಾಯದ್ವೀಪಕ್ಕೆ, ವೆಂಟ್ರಿಯ ಬಳಿಯ ಹಳ್ಳಿಯೊಂದರ ಬಂಧುಗಳ ಮನೆಗೆ ಕಳುಹಿಸಲಾಯಿತು. ಐರಿಷ್ ಇನ್ನೂ ಮನೆಮಾತಾಗಿ ಉಳಿದಿರುವ ಇಂಥ ಪ್ರದೇಶಗಳನ್ನು ಅಲ್ಲಿ ಗೇಲ್ತಖ್ತ್ ಎನ್ನುತ್ತಾರೆ. ಆಮೇಲೆ ಟಿಪರರಿ ಜಿಲ್ಲೆಯ ನೀನಾ ಪಟ್ಟಣದಲ್ಲಿ ಬೆಳೆದರು, ಕಾರ್ಕ್‌ನ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಇಂಗ್ಲಿಷ್ ಮತ್ತು ಐರಿಷ್ ಓದಿದರು, ತುರ್ಕಿಯ ಭೂವಿಜ್ಞಾನಿಯೊಬ್ಬರನ್ನು ಮದುವೆಯಾಗಿ ಹಾಲೆಂಡಿನಲ್ಲೂ ತುರ್ಕಿಯಲ್ಲೂ ಕೆಲವು ವರ್ಷ ಕಳೆದು 1980ರಲ್ಲಿ ಮರಳಿದರು. ಮೊದಲ ಸಂಕಲನ 1981ರಲ್ಲಿ ಬಂತು. ಇಲ್ಲೇ ಮೊದಲ ಆಕ್ಷೇಪ ಏಳುತ್ತದೆ. ಇಂಗ್ಲಿಷ್ ನೆಲದಲ್ಲಿ ಹುಟ್ಟಿ, ಪಟ್ಟಣದಲ್ಲಿ ಬೆಳೆದು, ಎರಡು ಭಾಷೆಗಳಲ್ಲಿ ಓದಿಕೊಂಡವರು ಹಳ್ಳಿಯ ಐರಿಷಿನ ವಾರಸುದಾರರು ಹೇಗಾಗುತ್ತಾರೆ, ಇದು ವಿದ್ಯಾವಂತರ ಹವ್ಯಾಸವಲ್ಲವೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಭಾಷೆಯೊಳಗೇ ಹುಟ್ಟಿ ಬೆಳೆದವರಿಗೆ ಅದು ಗಾಳಿಯಷ್ಟು ಸಹಜ. ಅದರಲ್ಲಿ ಏನು ಇದೆ, ಇಂಗ್ಲಿಷಿನಲ್ಲಿ ಏನು ಇಲ್ಲ ಎಂದು ತೂಗಿ ನೋಡುವ ಅಗತ್ಯ ಅವರಿಗೆ ಬರುವುದಿಲ್ಲ. ಐದನೆಯ ವಯಸ್ಸಿನಲ್ಲಿ ಒಂದು ಲೋಕದಿಂದ ಕಿತ್ತು ಇನ್ನೊಂದರಲ್ಲಿ ನೆಡಲಾದ ಮಗು ಆ ತೂಕವನ್ನು ಮಾಡಲೇಬೇಕಾಗುತ್ತದೆ. ಅನ್ಯಲೋಕಕ್ಕೆ ಒಯ್ಯಲ್ಪಟ್ಟವರ ಕಥೆಗಳು ಇವರನ್ನೇ ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅವರು ಒಂಟಿಯಾಗಿ ಬಂದವರೂ ಅಲ್ಲ. 1970ರಲ್ಲಿ ಕಾರ್ಕ್‌ನ ವಿದ್ಯಾರ್ಥಿ ಕವಿಗಳು ‘ಇನ್‌ಟಿ’ ಎಂಬ ಪತ್ರಿಕೆ ಆರಂಭಿಸಿದ್ದರು. ಮೈಕೆಲ್ ಡೇವಿಟ್, ಲಿಯಮ್ ಓ ಮುರ್ಹಿಲಿ, ಗೇಬ್ರಿಯಲ್ ರೋಸನ್‌ಸ್ಟಾಕ್ ಆ ಗುಂಪಿನವರು. ರಾಕ್ ಸಂಗೀತ, ಅಮೆರಿಕದ ಬೀಟ್ ಕವಿಗಳು, ಗೇಲ್ತಖ್ತಿನ ಹೆಂಡದಂಗಡಿಯ ಮಾತು ಇವೆಲ್ಲವನ್ನೂ ಒಟ್ಟಿಗೆ ಹೀರಿಕೊಂಡ ಈ ಹುಡುಗರು ಶಾಲೆಯ ಪಠ್ಯದ ಪೂಜಾಭಾವವನ್ನು ಐರಿಷ್ ಕವಿತೆಯಿಂದ ಕೊಡವಿಬಿಟ್ಟರು. ಅವರಿಗಿಂತ ಮೊದಲು ಶಾನ್ ಓ ರೀರ್ಡಾನ್ ಐರಿಷ್ ಕಾವ್ಯಕ್ಕೆ ಆಧುನಿಕನ ಆತ್ಮಸಂಶಯವನ್ನು ತಂದಿದ್ದರು. ಹೆಣ್ಣಿನ ಆಸೆಯನ್ನು ಹಳೆಯ ಹಾಡುಗಳ ಬಿಗುವಿನಲ್ಲೇ ಹೇಳಿದ ಮಾಯಿರಾ ವಾಕ್ ಅನ್ ಟೀ ಅವರ ಮೊದಲ ಸಂಕಲನ 1956ರಲ್ಲೇ ಬಂದಿತ್ತು. ನೂಲಾ ಅವರು ಈ ಎಲ್ಲರ ಸಾಲಗಾರರು. ಆರಂಭದ ಕವಿತೆಗಳಲ್ಲಿ ಅವರು ಪುರಾಣದ ಹೆಂಗಸರನ್ನು ಮಾತಾಡಿಸಿದರು. ಮನ್ಸ್ಟರ್ ಪ್ರಾಂತ್ಯದ ಭೂದೇವತೆ ಮೋರ್, ರಾಣಿ ಮೇವ್, ಯುದ್ಧದೇವತೆ ಮೊರೀಗನ್ ಇವರೆಲ್ಲ ಬಂದು ವೀರಾಗ್ರಣಿ ಕೂಹುಲನ್‌ನ ಪೌರುಷವನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಯೇಟ್ಸ್ ಮತ್ತು ಲೇಡಿ ಗ್ರೆಗರಿಯ ರಂಗಭೂಮಿಯಲ್ಲಿ ತರುಣರನ್ನು ಬಲಿದಾನಕ್ಕೆ ಕರೆಯುತ್ತಿದ್ದ ಮಾತೃಭೂಮಿ ಕ್ಯಾಥಲೀನ್ ಇವರ ಕವಿತೆಯಲ್ಲಿ ತನ್ನ ಯೌವನದ ಕುಣಿತಗಳನ್ನೇ ನೆನೆಯುತ್ತ ಕೇಳುವವರ ತಲೆ ತಿನ್ನುವ ಮುದುಕಿಯಾಗುತ್ತಾಳೆ. ಚುರುಕಾದ, ಕೆಲವೊಮ್ಮೆ ಕ್ರೂರವಾದ ಹಾಸ್ಯ ಅದು. ಆದರೂ ಪುರಾಣವನ್ನು ಮಗುಚಿ ಹಾಕುವ ಕೆಲಸವನ್ನು ಅದೇ ಕಾಲದಲ್ಲಿ ಹಲವು ದೇಶಗಳ ಕವಯಿತ್ರಿಯರು ಮಾಡುತ್ತಿದ್ದರು. ಇವರ ಸ್ವಂತದ ದಾರಿ ತೆರೆದುಕೊಂಡದ್ದು ರಾಣಿಯರನ್ನೂ ದೇವತೆಯರನ್ನೂ ಬಿಟ್ಟು ಜಾನಪದದ ಕಡೆ ತಿರುಗಿದ ಮೇಲೆ.

ಆ ಜಾನಪದ ಎಲ್ಲಿತ್ತು ಎಂಬುದೂ ಮುಖ್ಯ. 1935ರಲ್ಲಿ ಸರ್ಕಾರ ಐರಿಷ್ ಜಾನಪದ ಆಯೋಗವನ್ನು ಸ್ಥಾಪಿಸಿತು. ಸಂಗ್ರಾಹಕರು ಎಡಿಫೋನ್ ಎಂಬ ಧ್ವನಿಮುದ್ರಣ ಯಂತ್ರ ಹೊತ್ತು ಹಳ್ಳಿ ಸುತ್ತಿ ಕಥೆ, ನಂಬಿಕೆ, ಮದ್ದುಗಳನ್ನು ಬರೆದುಕೊಂಡರು. 1937ರಿಂದ 1939ರವರೆಗೆ ಶಾಲಾಮಕ್ಕಳೂ ಊರಿನ ಹಿರಿಯರಿಂದ ಕಥೆ ಕೇಳಿ ನೋಟ್‌ಬುಕ್ಕುಗಳಲ್ಲಿ ಬರೆದರು. ಇಂದು ಡಬ್ಲಿನ್ನಿನ ವಿಶ್ವವಿದ್ಯಾಲಯ ಕಾಲೇಜಿನಲ್ಲಿರುವ ಈ ಸಂಗ್ರಹ ಪಶ್ಚಿಮ ಯುರೋಪಿನ ಅತಿ ದೊಡ್ಡ ಜಾನಪದ ಭಂಡಾರಗಳಲ್ಲಿ ಒಂದು. ಅಷ್ಟಾದರೂ ಶಾಲೆ ಅದರಿಂದ ಎತ್ತಿಕೊಂಡದ್ದೇನು ಎಂಬುದಕ್ಕೆ ಪೆಗ್ ಸೇಯರ್ಸ್ ಸಾಕ್ಷಿ. ವೆಂಟ್ರಿಯಿಂದ ದೂರವಿಲ್ಲದ ಬ್ಲಾಸ್ಕೆಟ್ ದ್ವೀಪದ ಈಕೆ ನೂರಾರು ಕಥೆ ಬಲ್ಲ ಅಸಾಮಾನ್ಯ ಕಥೆಗಾರ್ತಿ. 1936ರಲ್ಲಿ ಅಚ್ಚಾದ ಆಕೆಯ ಆತ್ಮಕಥೆ ಪಠ್ಯಪುಸ್ತಕವಾಗಿ, ಸಹನೆಯ ಮೂರ್ತಿಯಾದ ಭಕ್ತ ಮುದುಕಿಯ ಗೋಳಾಗಿ ಮಕ್ಕಳ ಕೈ ಸೇರಿತು. ಐರಿಷನ್ನು ದ್ವೇಷಿಸಲು ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಕೊಡುತ್ತಿದ್ದ ಕಾರಣ ಅದೇ ಪುಸ್ತಕ. ಬ್ಲಾಸ್ಕೆಟ್‌ನ ಕೊನೆಯ ನಿವಾಸಿಗಳನ್ನು 1953ರಲ್ಲಿ ಮುಖ್ಯಭೂಮಿಗೆ ಕರೆತರಲಾಯಿತು. ಹೀಗೆ ಕಥೆ ಕಪಾಟಿಗೂ ಕಥೆಗಾರ್ತಿ ಪಠ್ಯಕ್ಕೂ ಸೇರಿದ ಮೇಲೆ ನೂಲಾ ಅವರು ಆ ಕಪಾಟಿಗೆ ಕೈಹಾಕಿದರು. ಬಾಲ್ಯದಲ್ಲಿ ಕಿವಿಗೆ ಬಿದ್ದದ್ದಕ್ಕೆ ಭಂಡಾರದ ಓದನ್ನು ಸೇರಿಸಿ, ಆ ನಂಬಿಕೆಗಳು ಯಾವ ಕೆಲಸಕ್ಕಾಗಿ ಹುಟ್ಟಿದವೋ ಅದೇ ಕೆಲಸಕ್ಕೆ ಅವನ್ನು ಮತ್ತೆ ಹಚ್ಚಿದರು.

ಆ ಕೆಲಸ ಯಾವುದೆಂಬುದಕ್ಕೆ ‘ಪವಾಡದ ಹುಲ್ಲು’ ಎಂದು ನಾವು ಕರೆಯಬಹುದಾದ ಕವಿತೆಯೊಂದು ಒಳ್ಳೆಯ ಉದಾಹರಣೆ. 1984ರ ಸಂಕಲನಕ್ಕೆ ಹೆಸರು ಕೊಟ್ಟ ಕವಿತೆ ಇದೇ. ಕಥೆ ಜನಪದದ್ದು. ಪೂಜೆಯ ಹೊತ್ತಿನಲ್ಲಿ ಪಾದ್ರಿಯ ಕೈಯಿಂದ ಪ್ರಸಾದದ ರೊಟ್ಟಿ ಜಾರಿ ಬೀಳುತ್ತದೆ. ನೋಡಿದ ಹುಡುಗಿ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಆ ಮೌನ ಅವಳೊಳಗೆ ಮುಳ್ಳಾಗಿ ನೆಟ್ಟು ಹಾಸಿಗೆ ಹಿಡಿಸುತ್ತದೆ. ವೈದ್ಯರು, ಪಾದ್ರಿಗಳು, ಸನ್ಯಾಸಿಗಳು ಬಂದು ಹೋಗುತ್ತಾರೆ, ಯಾರಿಂದಲೂ ಗುಣವಾಗುವುದಿಲ್ಲ. ಪೊದೆ ಕಳೆಗಳನ್ನು ಕಡಿದು ತೆಗೆದರೆ ಪಾಳುನೆಲದಲ್ಲಿ ಒಂದು ಕಡೆ ಹುಲ್ಲು ಸೊಂಪಾಗಿ ಬೆಳೆದಿರುತ್ತದೆ, ಕಳೆದ ಪ್ರಸಾದ ಅಲ್ಲಿದೆ, ಅದನ್ನು ತಂದು ನಾಲಗೆಯ ಮೇಲಿಟ್ಟರೆ ತಾನು ಎದ್ದು ಕೂರುತ್ತೇನೆ ಎನ್ನುತ್ತಾಳೆ ಅವಳು. ಕವಯಿತ್ರಿ ಇದಕ್ಕೆ ಸೇರಿಸಿದ್ದು ಒಂದು ಉಪಶೀರ್ಷಿಕೆ: ಇದು ಅನೊರೆಕ್ಸಿಯಾ ಹಿಡಿತದಲ್ಲಿರುವ ಹುಡುಗಿಯ ಸಾಕ್ಷ್ಯ ಎಂಬ ಸೂಚನೆ. ಅಷ್ಟರಿಂದಲೇ ಕಥೆಯ ಇಡೀ ಒಡಲು ತಿರುಗಿ ನಿಲ್ಲುತ್ತದೆ. ಊಟ ಬಿಟ್ಟು ಕೃಶವಾಗುತ್ತಿರುವ ದೇಹ, ಗಂಡಸರ ಕೈಯಲ್ಲಿರುವ ಪವಿತ್ರ ಆಹಾರ, ಹೇಳಲಾಗದ ನಾಚಿಕೆ, ಫಲ ಕೊಡದ ಚಿಕಿತ್ಸೆ, ಗುಣದ ದಾರಿ ರೋಗಿಗೇ ಗೊತ್ತಿರುವುದು, ಇದೆಲ್ಲ ಮೊದಲೇ ಅಲ್ಲಿತ್ತು. ಆಧುನಿಕ ವೈದ್ಯ ಇಟ್ಟ ಹೆಸರು ರೋಗವನ್ನು ಗುರುತಿಸುತ್ತದೆ. ಹಳೆಯ ಕಥೆ ಆ ರೋಗದೊಳಗೆ ಇರುವುದು ಹೇಗೆಂದು ಹೇಳುತ್ತದೆ.

ಇನ್ನೆರಡು ಕವಿತೆಗಳನ್ನು ಇದರ ಪಕ್ಕದಲ್ಲಿಡಬೇಕು. ಐರ್ಲೆಂಡಿನ ಹೊಲಗಳಲ್ಲಿ ಲಿಸ್ ಎಂದು ಕರೆಯುವ ವರ್ತುಲಾಕಾರದ ಹಳೆಯ ಮಣ್ಣುದಿಬ್ಬಗಳಿವೆ. ಅವು ಸಾವಿರ ವರ್ಷ ಹಿಂದಿನ ವಾಸಸ್ಥಳಗಳ ಅವಶೇಷ ಎನ್ನುತ್ತದೆ ಪುರಾತತ್ತ್ವ. ಅವುಗಳೊಳಗೆ ಬೇರೆಯೇ ಜನ ವಾಸವಾಗಿದ್ದಾರೆ, ಅವರು ಮನುಷ್ಯರನ್ನು, ಅದರಲ್ಲೂ ಬಾಣಂತಿಯರನ್ನೂ ಕೂಸುಗಳನ್ನೂ ಹೊತ್ತೊಯ್ದು ಅವರದೇ ರೂಪದ ಬೇರೆಯವರನ್ನು ಮನೆಯಲ್ಲಿ ಬಿಟ್ಟುಹೋಗುತ್ತಾರೆ ಎನ್ನುತ್ತದೆ ಜನರ ನಂಬಿಕೆ. ನೂಲಾ ಅವರ ಒಂದು ಕವಿತೆಯಲ್ಲಿ ಈ ದಿಬ್ಬದ ಹೆಂಗಸು ಬ್ಲ್ಯಾಕ್ ಅಂಡ್ ಡೆಕರ್ ಯಂತ್ರ ಹಿಡಿದು ಬಂದು ಅಂಗಳದ ಮರ ಕಡಿದುಹಾಕುತ್ತಾಳೆ. ಕಥಕಿ ಏನೂ ಮಾಡದೆ ನೋಡುತ್ತಾಳೆ. ಸಂಜೆ ಬಂದ ಗಂಡ, ನಾನು ಹೋಗಿ ಅವಳ ಮರ ಕಡಿದರೆ ಹೇಗಿರುತ್ತದೆ ಕೇಳು ಎಂದು ರೇಗುತ್ತಾನೆ, ದಿಬ್ಬದ ಹೆಂಗಸಿಗೆ ಅದು ನಾಟುವುದೇ ಇಲ್ಲ, ಕುಸಿಯುವವಳು ಕಥಕಿ. ಹಗಲು ಹೊತ್ತಿನಲ್ಲಿ ಮನೆಯೊಳಕ್ಕೆ ನಡೆದು ಬರುವ ಖಿನ್ನತೆಯನ್ನು ಇಷ್ಟು ನಗೆಯಲ್ಲಿ, ಇಷ್ಟು ನಿಖರವಾಗಿ ಹೇಳಿದ ಕವಿತೆಗಳು ವಿರಳ. ಇನ್ನೊಂದರಲ್ಲಿ ಆ ಹೆಂಗಸು ನೇರ ಕವಿತೆಯೊಳಕ್ಕೇ ಬಂದು ಕೂರುತ್ತಾಳೆ, ಮನೆಗೆಲಸ ಕೈಗೆತ್ತಿಕೊಳ್ಳುತ್ತಾಳೆ, ಕಡೆಗೆ ಕಥಕಿಯ ಜಾಗವನ್ನೇ ಹಿಡಿಯುತ್ತಾಳೆ. ಗಂಡನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಿಜವಾದವಳು ದಿಬ್ಬದ ಚಳಿಯಲ್ಲಿ ಸಿಕ್ಕಿಕೊಂಡು, ತನ್ನನ್ನು ಬಿಡಿಸಬೇಕಾದರೆ ಕಾಸಿದ ನೇಗಿಲಗುಳವನ್ನು ಆ ಸುಳ್ಳು ಹೆಂಡತಿಯ ಮುಖಕ್ಕೆ ಒತ್ತು ಎಂದು ಗಂಡನಿಗೆ ಕೂಗಿ ಹೇಳುತ್ತಿರುತ್ತಾಳೆ.

ಅತ್ಯಂತ ಗಂಭೀರವಾದ ಆಕ್ಷೇಪ ಇಲ್ಲೇ ಇದೆ. ನೂಲಾ ಅವರು ಬೆಳೆದ ಟಿಪರರಿ ಜಿಲ್ಲೆಯಲ್ಲೇ 1895ರ ಮಾರ್ಚ್ ತಿಂಗಳಿನಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ತರುಣಿಯನ್ನು ಗಂಡನೇ ಸುಟ್ಟು ಕೊಂದ. ಕಾಯಿಲೆ ಬಿದ್ದವಳು ತನ್ನ ಹೆಂಡತಿಯಲ್ಲ, ದಿಬ್ಬದವರು ಬಿಟ್ಟುಹೋದ ಬದಲಿ ಹೆಂಗಸು ಎಂಬುದು ಅವನ ವಾದ. ನರಹತ್ಯೆಯ ಅಪರಾಧಕ್ಕೆ ನ್ಯಾಯಾಲಯ ಅವನಿಗೆ 20 ವರ್ಷಗಳ ಸಜೆ ವಿಧಿಸಿತು. ಹೆಣ್ಣನ್ನು ಬೆಂಕಿಗೊಡ್ಡಿದ ನಂಬಿಕೆಯನ್ನು ಕಾವ್ಯದ ಐಸಿರಿಯೆಂದು ಕೊಂಡಾಡುವುದು ಹೊಣೆಗೇಡಿತನವಲ್ಲವೆ? ಜಾನಪದವನ್ನು ಮುಗ್ಧತೆಯ ಖನಿ ಎಂದು ನೋಡುವವರು ಉತ್ತರಿಸಲಾಗದ ಪ್ರಶ್ನೆ ಇದು. ನೂಲಾ ಅವರ ಕವಿತೆ ಅದಕ್ಕೆ ಬೆನ್ನು ತಿರುಗಿಸಿಲ್ಲ. ಕಾಸಿದ ಕಬ್ಬಿಣವನ್ನು ಅವರು ಕವಿತೆಯಲ್ಲಿ ಹಾಗೆಯೇ ಉಳಿಸಿದ್ದಾರೆ. ಹಳೆಯ ಕಥೆಯಲ್ಲಿ ಹೆಂಡತಿ ಬದಲಾದಳೆಂದು ಹೇಳುವವನು ಗಂಡ, ತೀರ್ಪು ಕೊಡುವವರು ನೆರೆಯವರು, ಅವಳಿಗೆ ಮಾತಿಲ್ಲ. ಈ ಕವಿತೆಯಲ್ಲಿ ಮಾತಾಡುವವಳು ಒಯ್ಯಲ್ಪಟ್ಟವಳೇ, ಮತ್ತು ಅವಳ ದೂರು ಗಂಡ ತಪ್ಪಾಗಿ ಅನುಮಾನಿಸಿದ ಎಂಬುದಲ್ಲ, ಅವನಿಗೆ ಅನುಮಾನವೇ ಬರಲಿಲ್ಲ ಎಂಬುದು. ಒಲೆ, ಬಟ್ಟೆ, ಹಾಸಿಗೆಯ ಕೆಲಸ ನಡೆಯುತ್ತಿರುವ ತನಕ ಅವುಗಳ ಹಿಂದೆ ಯಾರಿದ್ದಾರೆಂದು ಕೇಳದ ಸಂಸಾರದ ಮೇಲಿನ ಆರೋಪ ಅದು. ಬಿಡುಗಡೆಯ ದಾರಿಯೂ ಹಿಂಸೆಯದೇ ಆಗಿರುವುದರಿಂದ ಓದುಗರಿಗೆ ನೆಮ್ಮದಿಯಿಲ್ಲ. ಇರಬೇಕಾಗಿಯೂ ಇಲ್ಲ.

ಕವಯಿತ್ರಿಯ ಗದ್ಯದ ಎಲ್ಲ ಮಾತನ್ನೂ ನಾವು ಹೀಗೆ ಒಪ್ಪಬೇಕಾಗಿಲ್ಲ. ಐರಿಷ್ ಭಾಷೆ ಕೈಗಾರಿಕಾ ನಾಗರಿಕತೆಯ ಹೊರಗುಳಿದದ್ದರಿಂದ ಗಂಡಾಳಿಕೆಯ ಹಿಡಿತಕ್ಕೂ ಪೂರ್ತಿ ಸಿಗಲಿಲ್ಲ ಎಂಬರ್ಥದ ವಾದವನ್ನು ಅವರು 1990ರ ದಶಕದ ಪ್ರಬಂಧಗಳಲ್ಲಿ ಮಂಡಿಸಿದ್ದಾರೆ. ಅದೇ ದಶಕದಲ್ಲಿ, ತಮ್ಮ ಹಿಂದೆ ಐರಿಷ್ ಕವಯಿತ್ರಿಯರ ಪರಂಪರೆ ಎಷ್ಟರ ಮಟ್ಟಿಗೆ ಅಳಿಸಿಹೋಗಿದೆ ಎಂದು ತೋರಿಸುವ ಪ್ರಬಂಧವನ್ನೂ ಬರೆದರು. ಎರಡೂ ಒಟ್ಟಿಗೆ ನಿಲ್ಲುವುದು ಕಷ್ಟ. ಆಸ್ಥಾನದ ಕವಿಪಟ್ಟ ಗಂಡಸರದಾಗಿತ್ತು. ಹೆಣ್ಣಿಗೆ ಉಳಿದದ್ದು ಸತ್ತವರಿಗಾಗಿ ಹಾಡಿ ಅಳುವ ಅಧಿಕಾರ. 1773ರಲ್ಲಿ ಕೊಲೆಯಾದ ಗಂಡನಿಗಾಗಿ ಎಲೀನ್ ಡುವ್ ನೀ ಖೊನಿಲ್ ಹಾಡಿದ ಶೋಕಗೀತೆ ಬಾಯಿಂದ ಬಾಯಿಗೆ ಹರಿದು ನಮ್ಮ ಕಾಲದ ತನಕ ಬಂದದ್ದು ನಿಜವಾದರೂ ಅಂಥವು ಎಷ್ಟು ಮಣ್ಣುಪಾಲಾದವೋ. ಭಾಷೆಗೆ ಸಹಜವಾದ ಹೆಣ್ತನವೊಂದಿದೆ ಎನ್ನುವುದಕ್ಕಿಂತ, ಗೌರವಸ್ಥರು ಬಿಟ್ಟುಹೋದ ಭಾಷೆಯಲ್ಲಿ ಕಾವಲುಗಾರರು ಕಡಿಮೆಯಿದ್ದರು ಎನ್ನುವುದು ಸತ್ಯಕ್ಕೆ ಹತ್ತಿರ. ಆ ಕಾವಲಿಲ್ಲದ ಗೇಟಿನಿಂದ ಅವರು ಒಳಗೆ ಹೋದರು.

1998ರ ‘ಕ್ಯಾಡ್ ಐನಿಶ್’ ಸಂಕಲನದಲ್ಲಿ ಬಂದು, 2007ರ ‘ಐವತ್ತು ನಿಮಿಷದ ಮತ್ಸ್ಯಕನ್ಯೆ’ಯಲ್ಲಿ ಕವಿ ಪಾಲ್ ಮುಲ್ಡೂನ್ ಅವರ ಇಂಗ್ಲಿಷ್ ಅನುವಾದದ ಜತೆಗೆ ಮತ್ತೆ ಅಚ್ಚಾದ ಕವಿತಾಮಾಲೆ ನನ್ನ ದೃಷ್ಟಿಯಲ್ಲಿ ಇವರ ಅತ್ಯುತ್ತಮ ಕೃತಿ. ಡಿಂಗಲ್ ಕರಾವಳಿಯಲ್ಲಿ ಹೇಳುವ ಕಥೆ ಇದು: ದಡಕ್ಕೆ ಬಂದ ಮತ್ಸ್ಯಕನ್ಯೆಯ ಮಾಯದ ಕುಲಾವಿಯನ್ನು ಒಬ್ಬ ಕದ್ದು ಬಚ್ಚಿಡುತ್ತಾನೆ, ಅವಳು ಅವನ ಹೆಂಡತಿಯಾಗಿ ಮಕ್ಕಳನ್ನು ಹೆರುತ್ತಾಳೆ, ಕುಲಾವಿ ಸಿಕ್ಕ ದಿನ ಎಲ್ಲವನ್ನೂ ಬಿಟ್ಟು ಕಡಲಿಗೆ ಮರಳುತ್ತಾಳೆ. ನೂಲಾ ಅವರು ಒಬ್ಬಳ ಕಥೆಯನ್ನು ಒಂದು ಜನಾಂಗದ ಕಥೆಯಾಗಿ ಬೆಳೆಸಿದರು. ಇಡೀ ಕುಲವೇ ಕಡಲು ಬಿಟ್ಟು ಒಣನೆಲ ಸೇರಿದೆ. ನೀರಿನ ನೆನಪನ್ನು ಅದು ಬಾಯಿಗೆ ತರುವುದಿಲ್ಲ, ಕೇಳಿದರೆ ನಿರಾಕರಿಸುತ್ತದೆ, ಮಕ್ಕಳಿಗೆ ಹೇಳಿಕೊಡುವುದಿಲ್ಲ, ಆದರೆ ದೇಹ ಮರೆತಿಲ್ಲ, ಕಾರಣ ತಿಳಿಯದ ವ್ಯಾಧಿಗಳಾಗಿ ಅದು ಮೇಲೆ ಬರುತ್ತದೆ. ಮನೋವಿಶ್ಲೇಷಕರ ಬಳಿ ಒಂದು ಸರದಿ ಐವತ್ತು ನಿಮಿಷದ್ದು ಎಂಬ ವಾಡಿಕೆ ಶೀರ್ಷಿಕೆಗೆ ಹಿನ್ನೆಲೆ. ಕ್ಷಾಮದ ಪೆಟ್ಟಿನಿಂದ ಒಂದೆರಡು ತಲೆಮಾರಿನಲ್ಲಿ ಮಾತನ್ನೇ ಬದಲಿಸಿಕೊಂಡು, ಬದಲಿಸಿಕೊಂಡೆವು ಎಂಬುದನ್ನೂ ಮರೆತ ಐರ್ಲೆಂಡಿನ ಚಿತ್ರ ಇದು ಎಂದು ವಿಮರ್ಶಕರು ಓದಿದ್ದಾರೆ, ಓದು ಸರಿಯಾದದ್ದೇ. ಕವಿತೆಗಳಲ್ಲಿ ಎಲ್ಲಿಯೂ ಅಳು ಇಲ್ಲದಿರುವುದನ್ನು ಗಮನಿಸಬೇಕು. ಕುಲಶಾಸ್ತ್ರಜ್ಞರ ವರದಿಯಂಥ, ಊರಿನ ಗಾಸಿಪ್ಪಿನಂಥ ಒಣ ದನಿಯಲ್ಲಿ ಅವು ಮಾತಾಡುತ್ತವೆ. ಭಾಷೆಯ ಸಾವನ್ನು ಕುರಿತು ಆ ಭಾಷೆಯಲ್ಲೇ ಬರೆಯುವಾಗ ಶೋಕಗೀತೆ ಸುಲಭವಾಗಿ ಸಿಗುತ್ತಿತ್ತು. ಅದನ್ನು ಕೈಗೆತ್ತಿಕೊಳ್ಳದೆ ಇದ್ದದ್ದು ಇವರ ದೊಡ್ಡತನ. ಜಾನಪದ ಇವರನ್ನು ಒಂದು ಕರಾವಳಿಗೆ ಕಟ್ಟಿಹಾಕಿತು ಎನ್ನುವವರಿಗೆ, 1995ರ ಜುಲೈಯಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣದ ಪತನದ ಕುರಿತು ಇವರು ಬರೆದ ಕವಿತೆಯನ್ನು ತೋರಿಸಿದರೆ ಸಾಕು. ಅದರಲ್ಲಿ ಹಗಲು, ಪ್ರಾಣಿಗಳು, ತರಕಾರಿ ಸಹಿತ ಲೋಕದ ಎಲ್ಲವೂ ಕಪ್ಪಾಗುತ್ತವೆ.

ಇನ್ನು ಅನುವಾದದ ಪ್ರಶ್ನೆ. ನೂಲಾ ಅವರ ಹೆಸರು ಜಗತ್ತಿಗೆ ಗೊತ್ತಾದದ್ದು ಇಂಗ್ಲಿಷಿನಿಂದ. ಮೊದಲಿಗೆ ಅವರನ್ನು ಅನುವಾದಿಸಿದವರು ಮೈಕೆಲ್ ಹಾರ್ಟ್‌ನೆಟ್. 1975ರಲ್ಲಿ ಇಂಗ್ಲಿಷಿಗೆ ವಿದಾಯ ಹೇಳಿ ಐರಿಷಿನಲ್ಲಿ ಬರೆಯಲು ಹೊರಟು, ಹತ್ತು ವರ್ಷಗಳ ಮೇಲೆ ಇಂಗ್ಲಿಷಿಗೆ ಹಿಂತಿರುಗಿದ ಕವಿ ಆತ. 1990ರಲ್ಲಿ ‘ಫರೋಹನ ಮಗಳು’ ಎಂಬ ದ್ವಿಭಾಷಾ ಸಂಕಲನ ಬಂತು. ಹೀನಿ, ಲಾಂಗ್ಲಿ, ಮುಲ್ಡೂನ್, ಮೇವ್ ಮಕ್‌ಗಕಿಯನ್ ಮೊದಲಾದ 13 ಕವಿಗಳು ಅದರ ಅನುವಾದಕರು. ಇದಕ್ಕೆ ಎದುರಾಗಿ, ಬಿಡಿ ಜೆಂಕಿನ್‌ಸನ್ ಎಂಬ ಹೆಸರಿನಲ್ಲಿ ಬರೆಯುವ ಐರಿಷ್ ಕವಯಿತ್ರಿ ತಮ್ಮ ಕವಿತೆಗಳನ್ನು ಐರ್ಲೆಂಡಿನಲ್ಲಿ ಇಂಗ್ಲಿಷಿಗೆ ತರಲು ಒಪ್ಪಿಗೆ ಕೊಡಲಿಲ್ಲ. ಇಂಗ್ಲಿಷ್ ಸಿಕ್ಕರೆ ಐರಿಷ್ ಓದುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂಬ ಅಳುಕಿಗೆ ಆಧಾರವಿದೆ. ನೋಡಿ, ಮರ ಕಡಿಯುವ ಕವಿತೆ ಮುಲ್ಡೂನ್ ಅವರ ಕೈಯಲ್ಲಿ ಬಹಳ ಲವಲವಿಕೆಯ ಇಂಗ್ಲಿಷ್ ಕವಿತೆಯಾಗಿದೆ, ಆದರೆ ದಿಬ್ಬದ ಹೆಂಗಸು ಅಲ್ಲಿ ಮೋಜುಗಾರ್ತಿ ತರುಣಿಯಾಗಿದ್ದಾಳೆ. ದಿಬ್ಬವೇ ಮಾಯವಾದರೆ, ನನ್ನ ವಾದದ ಪ್ರಕಾರ, ಕವಿತೆಯ ಬೇರೇ ಮಾಯವಾದಂತೆ. ಹಾಗಾದರೆ ಜಗತ್ತು ಮೆಚ್ಚಿದ್ದು ನೂಲಾ ಅವರನ್ನೋ, ಅವರ ನೆಪದಲ್ಲಿ ಇಂಗ್ಲಿಷ್ ಕವಿಗಳನ್ನೋ?

ಈ ಆಕ್ಷೇಪದಲ್ಲಿ ಅರ್ಧ ನಿಜವಿದೆ. ಅದನ್ನು ಒಪ್ಪಿಕೊಂಡೇ ಎರಡು ಸಂಗತಿ ಹೇಳುತ್ತೇನೆ. ಇಂಗ್ಲಿಷನ್ನು ಸೊಗಸಾಗಿ ಬರೆಯಬಲ್ಲ ಈ ಕವಯಿತ್ರಿ ಕವಿತೆಯನ್ನು ಮಾತ್ರ ಐರಿಷಿನಲ್ಲಷ್ಟೇ ಬರೆದರು, ಇಂಗ್ಲಿಷಿಗೆ ತರುವ ಕೆಲಸವನ್ನು ಬೇರೆಯವರಿಗೆ ಬಿಟ್ಟರು. ಕವಿಯೇ ಅನುವಾದಿಸಿದ್ದರೆ ಇಂಗ್ಲಿಷ್ ಪಾಠಕ್ಕೆ ಎರಡನೆಯ ಮೂಲದ ಪಟ್ಟ ಸಿಕ್ಕು, ಐರಿಷ್ ಕವಿತೆ ಕರಡಾಗಿ ಉಳಿದುಬಿಡುತ್ತಿತ್ತು. ಹದಿಮೂರು ಮಂದಿ ಹದಿಮೂರು ಬಗೆಯಲ್ಲಿ ಅನುವಾದಿಸಿದಾಗ ಯಾರದ್ದೂ ಕೊನೆಯ ಮಾತಲ್ಲ ಎಂಬುದು ಓದುಗನಿಗೆ ತಾನಾಗಿ ತಿಳಿಯುತ್ತದೆ. ಎರಡನೆಯದಾಗಿ, ಈ ಪುಸ್ತಕಗಳಲ್ಲಿ ಐರಿಷ್ ಎಡಪುಟದಲ್ಲೂ ಇಂಗ್ಲಿಷ್ ಬಲಪುಟದಲ್ಲೂ ಅಚ್ಚಾಗಿವೆ. ಐರಿಷ್ ಬರುತ್ತದೆ ಎಂದ ಹದಿನೆಂಟು ಲಕ್ಷದವರಲ್ಲಿ ಬಹುಪಾಲು ಜನ ಶಾಲೆಯಲ್ಲಿ ಕಲಿತು ಅರ್ಧ ಮರೆತವರು. ಅಂಥವರು ಬಲಪುಟದ ಆಸರೆಯಿಂದ ಎಡಪುಟಕ್ಕೆ ದಾಟಬಹುದು. ಹಾಗೆ ದಾಟುವವರು ಕಡಿಮೆಯೇ ಇರಬಹುದು, ಆದರೆ ದಾಟುವ ಹಲಗೆ ಅಲ್ಲಿ ಇದೆ. ‘ಫರೋಹನ ಮಗಳು’ ಎಂಬ ಹೆಸರು ಬಂದದ್ದು ಆ ಸಂಕಲನದ ಕೊನೆಯ ಕವಿತೆಯಿಂದ. ತನ್ನ ಆಸೆಯನ್ನು ಭಾಷೆಯ ಪುಟ್ಟ ದೋಣಿಯಲ್ಲಿಟ್ಟು, ಮೋಶೆಯ ತಾಯಿ ಕೂಸನ್ನು ಬುಟ್ಟಿಯಲ್ಲಿಟ್ಟಂತೆ, ಹೊಳೆಗೆ ಬಿಡುತ್ತಾಳೆ ಅಲ್ಲಿನ ಕಥಕಿ. ಅದು ಯಾರ ಮಡಿಲು ಸೇರುವುದೋ ಅವಳಿಗೆ ತಿಳಿಯದು. ಫರೋಹನ ಮಗಳು ಶತ್ರುವಿನ ಮಗಳೆಂಬುದು ಬೈಬಲ್ ಬಲ್ಲವರಿಗೆ ಗೊತ್ತು. ಕೂಸನ್ನು ಕೊಲ್ಲಿಸಲು ಹೊರಟ ಮನೆಯಲ್ಲೇ ಕೂಸು ಬೆಳೆಯಿತು, ಹಾಲೂಡಿಸಲು ನೇಮಕವಾದ ದಾದಿ ಹೆತ್ತ ತಾಯಿಯೇ ಆಗಿದ್ದಳು ಎಂಬುದೂ ಗೊತ್ತು. ಇಂಗ್ಲಿಷಿನೊಂದಿಗೆ ಇವರ ಸಂಬಂಧ ಅಷ್ಟು ತೊಡಕಿನದು. ಅನುವಾದ ವಂಚನೆ ಎಂಬ ತೀರ್ಪೂ ಅನುವಾದ ಉದ್ಧಾರ ಎಂಬ ತೀರ್ಪೂ ಅದಕ್ಕೆ ಸಾಲುವುದಿಲ್ಲ.

ಓದುಗರ ಸಂಖ್ಯೆಯನ್ನು ಮುಂದಿಟ್ಟು ಈ ಕಾವ್ಯವನ್ನು ಅಳೆಯುವವರೂ ಇದ್ದಾರೆ. ಭಾಷೆಯ ಭವಿಷ್ಯವನ್ನು ಕವಿತೆ ಬದಲಿಸಿಲ್ಲ ಎಂಬುದು ಸತ್ಯ. ಗೇಲ್ತಖ್ತ್ ಪ್ರದೇಶಗಳಲ್ಲಿ ಶಾಲೆಯಾಚೆ ದಿನನಿತ್ಯ ಐರಿಷ್ ಆಡುವವರು ಈಗ 20 ಸಾವಿರದ ಆಸುಪಾಸಿನಲ್ಲಿದ್ದಾರೆ. ಮನೆ ಬಾಡಿಗೆ, ಉದ್ಯೋಗ, ಶಾಲೆಗಳು ಅದನ್ನು ನಿರ್ಧರಿಸುತ್ತವೆ, ಛಂದಸ್ಸಲ್ಲ. 1972ರಲ್ಲಿ ಬಂದ ಐರಿಷ್ ಭಾಷೆಯ ರೇಡಿಯೊ, 1996ರಲ್ಲಿ ಬಂದ ಐರಿಷ್ ದೂರದರ್ಶನ ವಾಹಿನಿ, 2003ರ ಭಾಷಾ ಕಾಯ್ದೆ, 2007ರಲ್ಲಿ ಯುರೋಪಿಯನ್ ಒಕ್ಕೂಟದಲ್ಲಿ ಸಿಕ್ಕ ಅಧಿಕೃತ ಸ್ಥಾನ ಇವೆಲ್ಲ ಭಾಷೆಗೆ ಮಾಡಿದ ಸೇವೆಯನ್ನು ಕವಿಯಿಂದ ನಿರೀಕ್ಷಿಸುವುದು ಅನ್ಯಾಯ. ನೂಲಾ ಅವರಿಗೆ 2001ರಲ್ಲಿ ಐರ್ಲೆಂಡಿನ ಕಾವ್ಯ ಪ್ರಾಧ್ಯಾಪಕ ಪೀಠ ಸಂದಿತು, 2018ರಲ್ಲಿ ಪೋಲೆಂಡಿನ ಜ್ಬಿಗ್ನ್ಯೆವ್ ಹರ್ಬರ್ಟ್ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಈ ಗೌರವಗಳನ್ನು ಐರಿಷಿಗೆ ತೋರಿದ ಅನುಕಂಪವೆಂದು ಭಾವಿಸಬೇಕಾಗಿಲ್ಲ. ಕವಿತೆಗಳು ಆ ಮನ್ನಣೆಗೆ ತಾವೇ ಯೋಗ್ಯವಾಗಿವೆ.

ಕಡೆಯದಾಗಿ ನಮ್ಮ ವಿಚಾರ. ಐರಿಷಿನ ಅವಸ್ಥೆಯನ್ನು ಕೇಳಿದ ಕೂಡಲೇ ಕನ್ನಡದ ಬಗ್ಗೆ ಆತಂಕಪಡುವುದು ನಮ್ಮ ಸಭೆಗಳ ರೂಢಿ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದವರು ನಾಲ್ಕು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು. 72 ಸಾವಿರದ ಪಕ್ಕದಲ್ಲಿ ಈ ಸಂಖ್ಯೆಯನ್ನಿಟ್ಟು ಒಂದೇ ಕಣ್ಣೀರು ಸುರಿಸುವುದು ಸರಿಯಲ್ಲ. ಐರಿಷಿಗೆ ಹತ್ತಿರದ ಸ್ಥಿತಿ ನಮ್ಮ ನಡುವೆ ಇರುವುದು ಒಂದು ಲಕ್ಷಕ್ಕಿಂತ ತುಸು ಹೆಚ್ಚು ಜನ ಆಡುವ ಕೊಡವ ತಕ್ಕಿಗೆ, ಅರೆಭಾಷೆಗೆ, ಬ್ಯಾರಿಗೆ, ಒಂದು ಮಟ್ಟಿಗೆ ತುಳುವಿಗೆ. ಇವುಗಳ ಎದುರು ಇಂಗ್ಲಿಷಿನ ಜಾಗದಲ್ಲಿ ಕೂತಿರುವುದು ಕನ್ನಡ. ಈ ಭಾಷೆಗಳ ಕವಿಗಳು ಹೊರಜಗತ್ತನ್ನು ತಲುಪಲು ನಮ್ಮ ಅನುವಾದವನ್ನೇ ಮೊದಲು ಹಾಯಬೇಕು. ನಮ್ಮ ಪ್ರಕಾಶಕರಲ್ಲಿ, ಅಕಾಡೆಮಿಗಳಲ್ಲಿ, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳಲ್ಲಿ ನನ್ನ ವಿನಂತಿ ಇಷ್ಟೇ: ಈ ಭಾಷೆಗಳ ಕವಿತೆಯನ್ನು ಕನ್ನಡಕ್ಕೆ ತರುವಾಗ ಮೂಲವನ್ನು ಕೈಬಿಡಬೇಡಿ, ಎಡಪುಟದಲ್ಲಿ ಅದನ್ನೂ ಅಚ್ಚು ಹಾಕಿ. ಅವುಗಳಲ್ಲಿ ಹೆಚ್ಚಿನವನ್ನು ಇಂದು ನಮ್ಮ ಲಿಪಿಯಲ್ಲೇ ಬರೆಯುತ್ತಾರೆ. ನಮ್ಮ ಓದುಗರಿಗೆ ಅದನ್ನು ಓದಲು ಲಿಪಿಯ ಅಡ್ಡಿಯೂ ಇಲ್ಲ.